ಕಾರಿನ ಕಣ್ಣು ತಗ್ಗಿದ ಕಥೆ

ಪ್ಯಾರೀಸ್ ಕಾರ್ನರ್ ಎಂದರೆ ಚೆನ್ನೈಯ ಕನ್ನಡಿಗರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾದ ಸ್ಥಳವಲ್ಲ. ಮಗಳ ಮದುವೆಯ ಆಹ್ವಾನಪತ್ರಿಕೆ ಬೇಕಾದರೂ ಅಲ್ಲಿಗೆ, ಕೊಳಾಯಿಯ ತಿರುಪು ಬೇಕಾದರೂ ಅಲ್ಲಿಗೆ. ಒಂದೊಂದು ಬೀದಿಗೆ ಒಂದೊಂದು ವ್ಯಾಪಾರ. ಕೇಂದ್ರ ಸರ್ಕಾರದ ಗುಮಾಸ್ತರಾದ ನಾವು ರಾಜಾಜಿ ಸಾಲೈಯ ಕಚೇರಿ ಬಿಟ್ಟು ಬಸ್ಸು ಹಿಡಿಯಲು ಆ ಮೂಲೆಯಲ್ಲಿ ನಿಂತ ಸಂಜೆಗಳಿಗೆ ಲೆಕ್ಕವಿಲ್ಲ. ನಿಂತವರಿಗೆ ನೋಡುವುದಕ್ಕೆ ಇರುವುದು ಎರಡೇ: ಎದುರಿಗೆ ಹೈಕೋರ್ಟಿನ ಕೆಂಪು ಗೋಪುರ, ಕೆಳಗೆ ಕಣ್ಣು ಕೋರೈಸುತ್ತ ಬರುವ ವಾಹನಗಳ ದೀಪಗಳು. ಈ ಎರಡಕ್ಕೂ ಒಂದು ಸಂಬಂಧವಿದೆಯೆಂದು ನಮಗೆ ಬಹುಕಾಲ ಹೊಳೆದಿರಲಿಲ್ಲ. ಹೊಳೆದದ್ದು ಒಂದು ತಪ್ಪು ಮಾಡಿದ ಮೇಲೆ.

ಆ ತಪ್ಪನ್ನೇ ಮೊದಲು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದಿನ ಮಾತು. ಮೇ ತಿಂಗಳ ರಜೆ ಮುಗಿಸಿಕೊಂಡು ಮುಳಬಾಗಿಲಿನ ಕಡೆಯ ನಮ್ಮ ಹಳ್ಳಿಯಿಂದ ಹಳೆಯ ಕಾರಿನಲ್ಲಿ ಹಿಂತಿರುಗುತ್ತಿದ್ದೆವು. ಹಿಂದೆ ಡಿಕ್ಕಿಯಲ್ಲಿ ಎರಡು ಮೂಟೆ ರಾಗಿ, ಮಾವಿನಹಣ್ಣಿನ ಬುಟ್ಟಿಗಳು, ಹುಣಿಸೆಹಣ್ಣು. ಹೊರಡುವ ವಾರದ ಹಿಂದಷ್ಟೇ ಊರಿನ ಒಂದು ಅಂಗಡಿಯಲ್ಲಿ 'ಇದನ್ನು ಹಾಕಿಸಿ ಸಾರ್, ರಾತ್ರಿ ಹಗಲಾಗುತ್ತದೆ' ಎಂದು ಹೆಚ್ಚು ಶಕ್ತಿಯ ಬಲ್ಬುಗಳನ್ನು ಹಾಕಿಕೊಟ್ಟಿದ್ದರು. ಚಿತ್ತೂರು ದಾಟಿ ರಾಣಿಪೇಟೆಯ ಕಡೆಗೆ ಬರುವಾಗ ಎದುರಿನಿಂದ ಒಂದು ಮೊಪೆಡ್ ಬಂತು. ನಾವು ದೀಪವನ್ನು ತಗ್ಗಿಸಿಯೇ ಇದ್ದೆವು. ಆದರೂ ಮೊಪೆಡ್ಡು ತಟ್ಟಾಡಿ, ರಸ್ತೆ ಬಿಟ್ಟು, ಪಕ್ಕದ ಹಳ್ಳಕ್ಕೆ ಇಳಿಯಿತು. ಓಡಿಹೋಗಿ ಎತ್ತಿದೆವು. ಮೊಣಕೈ ತರಚಿತ್ತು, ಹಾಲಿನ ಕ್ಯಾನು ಉರುಳಿತ್ತು, ದೇವರ ದಯೆಯಿಂದ ಅಷ್ಟೇ. ಆ ಮನುಷ್ಯ ಬೈಯಲಿಲ್ಲ. 'ಕಣ್ಣೇ ತೆರಿಯಲೆ, ಸಾರ್' ಎಂದ. ಕಣ್ಣೇ ಕಾಣಲಿಲ್ಲ ಎಂದು. ಬೈದಿದ್ದರೆ ಮರೆತುಬಿಡುತ್ತಿದ್ದೆವೇನೋ. ಆ ಒಂದು ಮಾತು ಮನೆಯವರೆಗೂ ನಮ್ಮೊಡನೆ ಬಂತು. ಆಮೇಲೆಯೇ ನಾವು ಕಾರಿನ ದೀಪವನ್ನು ಬಿಚ್ಚಿ ನೋಡಲು, ಅದರ ಚರಿತ್ರೆಯನ್ನು ಓದಲು ಕುಳಿತದ್ದು.

ಆ ಚರಿತ್ರೆಯನ್ನು ಪ್ಯಾರೀಸ್ ಕಾರ್ನರಿನಿಂದಲೇ ಆರಂಭಿಸಬಹುದು. 1788ರಲ್ಲಿ ಮದರಾಸಿಗೆ ಬಂದ ವೇಲ್ಸ್ ದೇಶದ ವರ್ತಕ ಥಾಮಸ್ ಪ್ಯಾರಿಯ ಹೆಸರು ಈ ಮೂಲೆಗೆ ಅಂಟಿಕೊಂಡಿತು. ಈಗ ಅಲ್ಲಿ ನಿಂತಿರುವ ಡೇರ್ ಹೌಸ್ ಕಟ್ಟಡ 1940ರದು. ಅದಕ್ಕೂ ಮೊದಲೇ ಈ ಸುತ್ತಿನಲ್ಲಿ ಹೆಸರಾಗಿದ್ದುದು ದೀಪ. 1796ರಲ್ಲಿ ಕೋಟೆಯೊಳಗಿನ, ಇಂದು ವಸ್ತುಸಂಗ್ರಹಾಲಯವಾಗಿರುವ ಕಟ್ಟಡದ ಮೇಲೆ ಕೊಬ್ಬರಿ ಎಣ್ಣೆಯ ದೀಪಗಳನ್ನು ಉರಿಸಿ ಹಡಗುಗಳಿಗೆ ದಾರಿ ತೋರಿಸಿದರು. 1844ರಲ್ಲಿ ಈಗಿನ ಹೈಕೋರ್ಟಿನ ಆವರಣದಲ್ಲಿ ಕಲ್ಲಿನ ಕಂಬದ ದೀಪಸ್ತಂಭ ಬೆಳಗಿತು. ಕಂಬ ಇಂದಿಗೂ ನಿಂತಿದೆ. 1892ರಲ್ಲಿ ಹೈಕೋರ್ಟಿನ ಕಟ್ಟಡ ಪ್ರಾರಂಭವಾಗಿ, 1894ರಿಂದ ಅದರ ಗೋಪುರದ ತುದಿಯೇ ದೀಪಸ್ತಂಭವಾಯಿತು. 1977ರಲ್ಲಿ ಮೆರೀನಾ ತೀರದ ಹೊಸ ದೀಪಸ್ತಂಭ ಬರುವವರೆಗೆ, ಎಂಬತ್ತಕ್ಕೂ ಹೆಚ್ಚು ವರ್ಷ, ನ್ಯಾಯಸ್ಥಾನದ ನೆತ್ತಿಯ ಮೇಲಿನ ಬೆಳಕು ಕಡಲಿನವರಿಗೆ ಕಾಣುತ್ತಿತ್ತು.

ದೀಪಸ್ತಂಭದ ಬೆಳಕು ಕಾಣಿಸಿಕೊಳ್ಳುವುದಕ್ಕಾಗಿ ಇರುವುದು. 'ನಾನು ಇಲ್ಲಿದ್ದೇನೆ, ನೋಡಿಕೊಂಡು ಬಾ' ಎನ್ನುವುದೇ ಅದರ ಕೆಲಸ. ಎಷ್ಟು ಪ್ರಖರವಾದರೂ ಯಾರಿಗೂ ಕೇಡಿಲ್ಲ. ಮನೆಯ ಕೈದೀಪದ ಕೆಲಸ ಬೇರೆ. ಅದು ನಾವು ನೋಡುವುದಕ್ಕೆ. ಕಾರಿನ ಮುಂದಿನ ದೀಪ ಈ ಎರಡೂ ಕೆಲಸವನ್ನು ಒಟ್ಟಿಗೆ ಮಾಡಬೇಕು. ಅಷ್ಟೇ ಅಲ್ಲ, ಎದುರಿಗೆ ಬರುವವನ ಕಣ್ಣನ್ನೂ ಉಳಿಸಬೇಕು. ಅದರ ಚರಿತ್ರೆಯೆಲ್ಲ ಈ ಮೂರನೆಯ ಕೆಲಸದ ಸುತ್ತಲೇ ಬೆಳೆದಿದೆ.

ಮದರಾಸಿನ ಬೀದಿಯಲ್ಲಿ ನಿತ್ಯ ಓಡಾಡಿದ ಮೊದಲ ಮೋಟಾರು ಕಾರು, ನಗರದ ಇತಿಹಾಸ ಬರೆದವರು ಹೇಳುವಂತೆ, ಪ್ಯಾರಿ ಕಂಪೆನಿಯ ನಿರ್ದೇಶಕರಾಗಿದ್ದ ಎ. ಜೆ. ಯಾರ್ಕ್ ಅವರದು. 1901ರಲ್ಲಿ ಅವರು ಅಡ್ಯಾರಿನ ಮನೆಯಿಂದ ಪ್ಯಾರೀಸ್ ಕಾರ್ನರಿನ ಕಚೇರಿಗೆ ಕಾರಿನಲ್ಲಿ ಬರುತ್ತಿದ್ದರಂತೆ. ಅಂದರೆ ಇಂದು ನಾವು ಬಸ್ಸಿಗೆ ಕಾದು ನಿಲ್ಲುವ ಮೂಲೆಯೇ ಈ ಊರಿನ ಮೊದಲ ಕಾರು ದಿನಾ ಬಂದು ನಿಂತ ಜಾಗ. ಎರಡು ವರ್ಷದ ಮೇಲೆ, 1903ರಲ್ಲಿ, ಮೌಂಟ್ ರೋಡಿನ ಸಿಂಪ್ಸನ್ ಕಂಪೆನಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಇಲ್ಲಿಯೇ ಒಂದು ಉಗಿ ಕಾರನ್ನು ಕಟ್ಟಿದರು.

ಆ ಕಾಲದ ಕಾರುಗಳಿಗೆ ದೀಪ ಯಾವುದು? ವಿದ್ಯುತ್ತು ಅಷ್ಟರಲ್ಲಿ ಬಂದಿತ್ತು. ಮದರಾಸಿನಲ್ಲಿ 1895ರಿಂದಲೇ ವಿದ್ಯುತ್ ಟ್ರಾಮ್ ಓಡುತ್ತಿತ್ತು. ನಮ್ಮ ನಾಡಿನಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಯನ್ನೂ, 1905ರಲ್ಲಿ ಬೆಂಗಳೂರಿನ ಬೀದಿಗಳನ್ನೂ ಮುಟ್ಟಿತು. ಆದರೆ ಊರಿಗೆ, ಟ್ರಾಮಿಗೆ ತಂತಿ ಎಳೆಯಬಹುದು; ಬೇಕಾದ ಕಡೆಗೆ ತಿರುಗುವ ಕಾರಿಗೆ ಎಳೆಯುವುದು ಹೇಗೆ? ಕಾರು ತನ್ನ ವಿದ್ಯುತ್ತನ್ನು ತಾನೇ ಹೊತ್ತುಕೊಳ್ಳಬೇಕು. ಅದು ಸಾಧ್ಯವಾಗುವ ತನಕ ಎಣ್ಣೆದೀಪ ಇಲ್ಲವೇ ಕಾರ್ಬೈಡ್ ದೀಪವೇ ಗತಿ.

ಕಾರ್ಬೈಡ್ ದೀಪದ ಕೆಲಸ ಸರಳವಾದದ್ದು. ಕೆಳಗಿನ ಡಬ್ಬಿಯಲ್ಲಿ ಕ್ಯಾಲ್ಸಿಯಂ ಕಾರ್ಬೈಡಿನ ಹರಳು, ಮೇಲಿನದರಲ್ಲಿ ನೀರು. ನೀರು ತೊಟ್ಟಿಕ್ಕಿದಂತೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ. ಅದನ್ನು ಹೊತ್ತಿಸಿದರೆ ಬಿಳಿಯ ಜ್ವಾಲೆ, ಹಿಂದೆ ಒಂದು ಕನ್ನಡಿ. ಈ ದೀಪವನ್ನು ರಿಪೇರಿ ಮಾಡಲು ಯಾವ ಮೆಕ್ಯಾನಿಕ್ಕೂ ಬೇಕಿರಲಿಲ್ಲ. ಬೂದಿಯಾದ ಸುಣ್ಣವನ್ನು ಕೆರೆದು ಚೆಲ್ಲುವುದು, ಮಸಿ ಕಟ್ಟಿದ ಮೂತಿಯನ್ನು ಸೂಜಿಯಿಂದ ಚುಚ್ಚಿ ಬಿಡಿಸುವುದು, ಕನ್ನಡಿ ಒರೆಸುವುದು: ಮನೆಯ ಆಳೇ ಮಾಡಬಹುದಾದ ಕೆಲಸ. 

ಎದುರಿನವನ ಕಣ್ಣಿಗೆ ತೊಂದರೆ ಹೆಚ್ಚಾದದ್ದು ವಿದ್ಯುತ್ ದೀಪದೊಡನೆ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರು, ಬ್ಯಾಟರಿ, ದೀಪಗಳು ಒಂದೇ ವ್ಯವಸ್ಥೆಯಾಗಿ ಬಂದವು. ದೀಪ ಪ್ರಖರವಾಯಿತು, ಎದುರಿನಿಂದ ಬರುವವನು ಕುರುಡನಾದ. ಅಂದಿನಿಂದ ಬೆಳಕನ್ನು ಹೆಚ್ಚಿಸಲು ಪಟ್ಟಷ್ಟೇ ಶ್ರಮವನ್ನು ಬೆಳಕನ್ನು ಬಗ್ಗಿಸಲೂ ಪಡಬೇಕಾಯಿತು. 1930ರ ದಶಕದ ಕೆಲವು ಇಂಗ್ಲಿಷ್ ಕಾರುಗಳಲ್ಲಿ ಗುಂಡಿ ಒತ್ತಿದರೆ ಬಲಗಡೆಯ ದೀಪ ಆರಿಹೋಗಿ, ಎಡಗಡೆಯ ದೀಪದ ಕನ್ನಡಿ ಮಾತ್ರ ತಲೆ ಬಗ್ಗಿಸುತ್ತಿತ್ತು. ಅದಕ್ಕಿಂತ ಸುಲಭದ ಉಪಾಯ 1924ರ ಹೊತ್ತಿಗೇ ಬಂದಿತ್ತು: ಒಂದೇ ಬಲ್ಬಿನೊಳಗೆ ಎರಡು ತಂತಿ. ಒಂದು ದೂರಕ್ಕೆ, ಇನ್ನೊಂದು ಹತ್ತಿರಕ್ಕೆ.

ಇದರ ತತ್ವವನ್ನು ಕಾಲೇಜಿನ ಭೌತಶಾಸ್ತ್ರ ಮರೆಯದವರು ಬಲ್ಲರು. ಪರವಲಯದ ಆಕಾರದ ಕನ್ನಡಿಯ ನಾಭಿಯಲ್ಲಿ ದೀಪವಿಟ್ಟರೆ ಕಿರಣಗಳು ಸಮಾನಾಂತರವಾಗಿ ದೂರಕ್ಕೆ ಹೋಗುತ್ತವೆ. ನಾಭಿಯಿಂದ ಸ್ವಲ್ಪ ಮುಂದಕ್ಕೆ ಸರಿಸಿ, ಬೆಳಕು ಕನ್ನಡಿಯ ಮೇಲರ್ಧಕ್ಕೆ ಮಾತ್ರ ಬೀಳುವಂತೆ ಮಾಡಿದರೆ, ಅದು ಪ್ರತಿಫಲಿಸಿ ನೆಲದ ಕಡೆಗೆ ಇಳಿಯುತ್ತದೆ. ಎರಡು ತಂತಿಗಳ ನಡುವಿನ ಅಂತರ ಕೆಲವೇ ಮಿಲಿಮೀಟರು. ಹಳ್ಳಕ್ಕೆ ಇಳಿಯುವುದಕ್ಕೂ ಮನೆ ಸೇರುವುದಕ್ಕೂ ನಡುವೆ ಇರುವ ಅಂತರವೂ ಅಷ್ಟೇ ಎಂಬುದು ನಮಗೆ ಆಮೇಲೆ ತಿಳಿಯಿತು.

ಬೆಳಕನ್ನು ಬಗ್ಗಿಸುವುದರ ಜೊತೆಗೆ ಮುಚ್ಚಿಡಬೇಕಾದ ಕಾಲವೂ ಬಂದಿತು. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಂಡೆನ್ ಹಡಗು ಮದರಾಸಿನ ಮೇಲೆ ಗುಂಡು ಹಾರಿಸಿ ಬಂದರಿನ ಬಳಿಯ ಎಣ್ಣೆ ಟ್ಯಾಂಕುಗಳನ್ನು ಸುಟ್ಟಿತು. ಹೈಕೋರ್ಟಿನ ಆವರಣದಲ್ಲೂ ಗುಂಡು ಬಿದ್ದದ್ದಕ್ಕೆ ಅಲ್ಲಿ ಗುರುತಿನ ಫಲಕವಿದೆ. ಬೆಳಕು ಮಿತ್ರನಿಗೂ ಶತ್ರುವಿಗೂ ಒಂದೇ ರೀತಿ ದಾರಿ ತೋರಿಸುತ್ತದೆ. 1971ರ ಯುದ್ಧದ ವೇಳೆಗೆ ನಮ್ಮ ದೇಶದಲ್ಲಿ ಕಾರು ಲಾರಿಗಳ ದೀಪದ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ಯುದ್ಧ ಮುಗಿದ ಮೇಲೂ ಆ ಅರೆಮುಚ್ಚಿದ ಕಣ್ಣುಗಳು ವರ್ಷಗಟ್ಟಲೆ ಉಳಿದವು. ದೀಪದ ನಡುವೆ ಪೊಲೀಸರು ಅಂಟಿಸುತ್ತಿದ್ದ ಕಪ್ಪು ಚುಕ್ಕಿಯ ಉದ್ದೇಶವೂ ಎದುರಿನವನ ಕಣ್ಣನ್ನು ಕಾಪಾಡುವುದೇ.

ನಾವು ಕಾರಿನ ದೀಪವನ್ನು ಮೊದಲು ಹತ್ತಿರದಿಂದ ಕಂಡದ್ದು ಮೈಲಾಪುರದಲ್ಲಿದ್ದ ನಮ್ಮ ದೊಡ್ಡಪ್ಪನವರ ಅಂಬಾಸಿಡರಿನಲ್ಲಿ. ನಮಗೆ ಆಗ ಹತ್ತು ವರ್ಷ. ದುಂಡನೆಯ ಏಳು ಅಂಗುಲದ ದೀಪ, ಸುತ್ತ ಬೆಳ್ಳಿ ಬಳೆಯಂಥ ಹೊಳೆಯುವ ಕಟ್ಟು. ದೊಡ್ಡಪ್ಪ ಕೆಳಗಿನ ತಿರುಪು ಬಿಚ್ಚಿ ಬಳೆ ತೆಗೆದು, ದೀಪವನ್ನು ಹೊರಗೆಳೆದು, ಹಿಂಬದಿಯ ಹೋಲ್ಡರನ್ನು ಒತ್ತಿ ತಿರುಗಿಸಿ ಬಲ್ಬನ್ನು ಕೈಗೆ ತೆಗೆದುಕೊಳ್ಳುತ್ತಿದ್ದರು. 'ಲೋ ಮರಿ, ಟಾರ್ಚ್ ಅಲ್ಲಾಡಿಸಬೇಡವೋ' ಎಂಬ ಗದರಿಕೆಯೇ ನಮಗೆ ಸಿಕ್ಕ ತರಬೇತಿ. ಹೋದದ್ದು ಬಲ್ಬೋ, ಫ್ಯೂಸೋ, ತುಕ್ಕು ಹಿಡಿದ ಅರ್ತ್ ತಂತಿಯೋ ಎಂಬುದನ್ನು ಅವರು ಒಂದು ತಂತಿಯ ತುಂಡಿನಿಂದ ಐದು ನಿಮಿಷದಲ್ಲಿ ಕಂಡುಹಿಡಿಯುತ್ತಿದ್ದರು.

ಆ ದುಂಡು ದೀಪಕ್ಕೂ ಒಂದು ಹಿನ್ನೆಲೆಯಿದೆ. 1940ರಿಂದ ಅಮೆರಿಕದಲ್ಲಿ ಎಲ್ಲ ಕಾರುಗಳಿಗೂ ಏಳು ಅಂಗುಲದ ಒಂದೇ ಅಳತೆಯ, ಗಾಜು ಕನ್ನಡಿ ತಂತಿ ಎಲ್ಲ ಸೇರಿ ಮುಚ್ಚಿದ ದೀಪ ಬಂದಿತು. ತಂತಿ ಹೋದರೆ ಇಡೀ ದೀಪವನ್ನೇ ಎಸೆಯಬೇಕು, ನಿಜ. ಆದರೆ ಯಾವ ಊರಿನ ಅಂಗಡಿಯಲ್ಲೂ ಅದೇ ದೀಪ ಸಿಗುತ್ತಿತ್ತು. ನಮ್ಮ ಅಂಬಾಸಿಡರಿನಲ್ಲಿ ಅಳತೆ ಅದೇ, ಬಲ್ಬು ಮಾತ್ರ ಬೇರೆ ತೆಗೆಯುವಂಥದು. ಎರಡೂ ಕಡೆಯ ಅನುಕೂಲ! ಇತ್ತ ಮದರಾಸಿನ ಪಾಡಿಯಲ್ಲಿ 1961ರಲ್ಲಿ ಲೂಕಾಸ್ ಟಿ.ವಿ.ಎಸ್. ಸ್ಥಾಪನೆಯಾಗಿ ಮೋಟಾರಿನ ವಿದ್ಯುತ್ ಸಾಮಾನುಗಳು ಇಲ್ಲಿಯೇ ತಯಾರಾಗತೊಡಗಿದವು. ಹೊಸ ಸಾಮಾನಿಗೆ ಮೌಂಟ್ ರೋಡಿನ ಪಕ್ಕದ ಜನರಲ್ ಪ್ಯಾಟರ್ಸ್ ರೋಡು, ಹಳೆಯದಕ್ಕೆ ಪುದುಪೇಟೆ.

ಬಲ್ಬು ಹಾಕಿದಲ್ಲಿಗೆ ದೊಡ್ಡಪ್ಪನವರ ಕೆಲಸ ಮುಗಿಯುತ್ತಿರಲಿಲ್ಲ. ಕಾರನ್ನು ಕಾಂಪೌಂಡು ಗೋಡೆಗೆ ಎದುರಾಗಿ ಇಪ್ಪತ್ತೈದು ಅಡಿ ದೂರ ನಿಲ್ಲಿಸಿ, ಗೋಡೆಯ ಮೇಲೆ ದೀಪದ ಎತ್ತರಕ್ಕೆ ಸರಿಯಾಗಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಎಡಗಾಲಿನ ಬಳಿಯ ಗುಂಡಿ ಮೆಟ್ಟಿ ದೀಪ ತಗ್ಗಿಸಿದಾಗ ಬೆಳಕಿನ ಮೇಲಂಚು ಗೆರೆಗಿಂತ ಕೆಳಗೆ ಬರುವ ತನಕ ತಿರುಪನ್ನು ಆಡಿಸುತ್ತಿದ್ದರು. ದೀಪ ಉರಿಯುತ್ತಿದೆಯಲ್ಲ, ಇದೆಲ್ಲ ಯಾಕೆ ಎಂದು ನಾವು ಕೇಳಿದೆವು. 'ಇದು ನಮಗಲ್ಲ ಕಣೋ, ಎದುರಿಗೆ ಬರೋನಿಗೆ' ಎಂದರು. ಮಾತು ಕಿವಿಗೆ ಬಿದ್ದಿತ್ತು. ಅರ್ಥವಾಗಲು ಮೂವತ್ತು ವರ್ಷ ಬೇಕಾಯಿತು.

ಈ ನಡುವೆ ಬಲ್ಬು ಬದಲಾಗಿತ್ತು. 1962ರಲ್ಲಿ ಯುರೋಪಿನಲ್ಲಿ ಹ್ಯಾಲೊಜನ್ ಬಲ್ಬು, 1971ರಲ್ಲಿ ಅದರ ಎರಡು ತಂತಿಯ ಎಚ್4 ಎಂಬ ರೂಪ ಬಂದವು. ಸಾಮಾನ್ಯ ಬಲ್ಬಿನಲ್ಲಿ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಮಸಿಯಂತೆ ಅಂಟುತ್ತದೆ. ಹ್ಯಾಲೊಜನ್ ಅನಿಲವಿದ್ದರೆ ಆ ಆವಿಯೊಡನೆ ಕೂಡಿ, ಅದನ್ನು ಮತ್ತೆ ತಂತಿಯ ಕಡೆಗೆ ಒಯ್ಯುತ್ತದೆ. ಗಾಜು ಮಂಕಾಗುವುದಿಲ್ಲ. ಇದಕ್ಕೆ ಹೊರಚಿಪ್ಪು ಬಹಳ ಬಿಸಿಯಾಗಿರಬೇಕು. ಆದ್ದರಿಂದಲೇ ಬಲ್ಬನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಕೂತ ಕಡೆ ಅತಿಯಾಗಿ ಕಾದು ಸಿಡಿಯುವ ಸಂಭವವಿದೆ. ಮುಟ್ಟಿದ್ದರೆ ಸ್ಪಿರಿಟ್ಟಿನಿಂದ ಒರೆಸಬೇಕು. ನಮ್ಮ ಕಾರಿನಂಥವುಗಳಲ್ಲಿ ಮೂರು ಕಡ್ಡಿಯ ಪ್ಲಗ್ಗನ್ನು ಎಳೆದು, ರಬ್ಬರ್ ಟೋಪಿ ತೆಗೆದು, ಸ್ಪ್ರಿಂಗ್ ತಂತಿ ಬಿಡಿಸಿದರೆ ಬಲ್ಬು ಕೈಗೆ ಬರುತ್ತದೆ. ಹತ್ತು ನಿಮಿಷದ ಕೆಲಸ, ಕೀಲಿ ಸ್ಪ್ಯಾನರು ಬೇಡ. ಬಲ್ಬಿನ ಕುತ್ತಿಗೆಯಲ್ಲಿ ಮೂರು ಕಿವಿಗಳಿವೆ, ಅದು ಒಂದೇ ರೀತಿಯಲ್ಲಿ ಕೂರಲಿ ಎಂದು. ಕೆಳಬೆಳಕಿನ ತಂತಿಯ ಅಡಿಯಲ್ಲಿ ಉಗುರಿನಷ್ಟು ಲೋಹದ ತೊಟ್ಟಿಲಿದೆ. ಎದುರಿನವನ ಕಣ್ಣಿಗೆ ಹೋಗುವ ಬೆಳಕನ್ನು ಅಡ್ಡಗಟ್ಟುವುದು ಅದೇ.

ಹಳ್ಳದ ಪ್ರಸಂಗದ ಮರುದಿನ ನಾವು ರಬ್ಬರ್ ಟೋಪಿ ತೆಗೆದು ನೋಡಿದರೆ, ಒಂದು ಬಲ್ಬಿನ ಕಿವಿ ಗಾಳಿಯಲ್ಲಿ ಕೂತಿತ್ತು, ಬಲವಂತವಾಗಿ ತುರುಕಿದ್ದರು. ಪ್ಲಗ್ಗಿನ ಪ್ಲಾಸ್ಟಿಕ್ ಕರಗತೊಡಗಿತ್ತು. ಲೆಕ್ಕ ಹಾಕಿದೆವು. ಕಂಪೆನಿ ಕೊಟ್ಟಿದ್ದುದು 60/55 ವಾಟಿನ ಬಲ್ಬು. ಕೆಳಬೆಳಕಿಗೆ ಎರಡು ದೀಪ ಸೇರಿ 110 ವಾಟು. 12 ವೋಲ್ಟಿಗೆ ಸುಮಾರು 9 ಆಂಪಿಯರ್. ಅಂಗಡಿಯವರು ಹಾಕಿದ್ದುದು 100/90. 180 ವಾಟು, 15 ಆಂಪಿಯರ್. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾದ್ದರಿಂದ ಎರಡೂವರೆ ಪಾಲಿಗಿಂತ ಹೆಚ್ಚಾಯಿತು. ಬಿ.ಎಸ್ಸಿ. ಓದಿದ ನಮಗೆ ಇದು ಅಂಗಡಿಯಲ್ಲಿ ನಿಂತಾಗಲೇ ಹೊಳೆಯಬೇಕಿತ್ತು. ಬೆಳಕಿನ ಆಸೆ, ಹೊಳೆಯಲಿಲ್ಲ. ಮೇಲಾಗಿ ಹಿಂದೆ ಎರಡು ಮೂಟೆ ರಾಗಿ! ಹಿಂಭಾಗ ಕುಗ್ಗಿದರೆ ಮೂತಿ ಏಳುತ್ತದೆ, ದೀಪ ತಗ್ಗಿಸಿದ್ದರೂ ಬೆಳಕು ಎದುರಿನವನ ಮುಖಕ್ಕೇ. ಅನೇಕ ಕಾರುಗಳಲ್ಲಿ ಸ್ಟೀರಿಂಗ್ ಬಳಿ 0, 1, 2 ಎಂದು ಅಂಕಿಯಿರುವ ಒಂದು ಚಿಕ್ಕ ಚಕ್ರವಿರುತ್ತದೆ. ಹೊರೆಗೆ ತಕ್ಕಂತೆ ಬೆಳಕನ್ನು ಇಳಿಸಲು ಅದನ್ನು ಇಟ್ಟಿರುವುದು. ಊರಿನಿಂದ ಅಕ್ಕಿ ರಾಗಿ ತೆಂಗಿನಕಾಯಿ ಹೇರಿಕೊಂಡು ಬರುವ ನಮ್ಮಂಥ ಸಂಸಾರಗಳು ನೆನಪಿಡಬೇಕಾದ ಚಕ್ರ ಅದು.

ಹಳೆಯ ಬಲ್ಬುಗಳನ್ನೇ ಸರಿಯಾಗಿ ಕೂರಿಸಿ, ಅಪಾರ್ಟ್‌ಮೆಂಟಿನ ಗೋಡೆಯ ಮುಂದೆ ದೊಡ್ಡಪ್ಪನವರ ಸೀಮೆಸುಣ್ಣದ ಪಾಠ ಒಪ್ಪಿಸಿದೆವು. ನೂರು ಅಡಿಗೆ ಒಂದು ಅಡಿ ಇಳಿಜಾರು ಎಂದು ಸ್ಥೂಲ ಲೆಕ್ಕ. ಇಪ್ಪತ್ತೈದು ಅಡಿಗೆ ಮೂರು ಅಂಗುಲ. 'ಏನೂಂದ್ರೆ, ಗೋಡೆಗೆ ರಂಗೋಲಿ ಹಾಕ್ತಿದೀರಾ?' ಎಂದು ನಮ್ಮ ಮನೆಯವರು ಮೇಲಿನಿಂದ ಕೂಗಿದರು. ನಗು ಬಂದರೂ, ಹಾಲಿನ ಕ್ಯಾನು ನೆನಪಾಗಿ ಗೆರೆಯನ್ನು ಇನ್ನೊಮ್ಮೆ ಅಳೆದೆವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವುದೂ ಇದನ್ನೇ: ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಅದು ಕೋರೈಸಬಾರದು. ಒಂದೂವರೆ ಮೀಟರ್ ಎಂದರೆ ದಾರಿಯಲ್ಲಿ ನಡೆದು ಬರುವ ಮನುಷ್ಯನ ಕಣ್ಣು.

ಮನೆಯಲ್ಲೇ ಮಾಡಬಹುದಾದ ಇನ್ನೆರಡು ಕೆಲಸಗಳನ್ನು ಚೆನ್ನೈಯೇ ನಮಗೆ ಕಲಿಸಿದೆ. 2015ರ ಡಿಸೆಂಬರಿನ ಪ್ರವಾಹದಲ್ಲಿ ಎಷ್ಟೋ ಕಾರುಗಳ ದೀಪದೊಳಗೆ ನೀರು ನಿಂತಿತು. ಅಂಥ ದೀಪವನ್ನು ಹಾಗೆಯೇ ಹೊತ್ತಿಸಬಾರದು. ಬ್ಯಾಟರಿಯ ತಂತಿ ಕಳಚಿ, ಬಲ್ಬು ತೆಗೆದು, ನೀರು ಬಸಿದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಗಾಳಿಯಾಡುವ ಸಣ್ಣ ಕಿಂಡಿಗಳ ಕೆಸರು ತೆಗೆಯಬೇಕು. ಇನ್ನೊಂದು, ಹಳದಿಯಾಗುವ ಕಣ್ಣು. 1980ರ ದಶಕದಿಂದ ಗಾಜಿನ ಬದಲು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕು ಬಂದಿತು. ನಮ್ಮೂರಿನ ಬಿಸಿಲಿಗೆ ಅದರ ಮೇಲ್ಪದರ ಸುಟ್ಟು ಪೊರೆ ಬಂದ ಕಣ್ಣಿನಂತಾಗುತ್ತದೆ. ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಿದರೆ ಕೆಲವು ವಾರದ ಸೊಬಗು ಅಷ್ಟೇ. ಸುತ್ತಲಿನ ಬಣ್ಣಕ್ಕೆ ಟೇಪು ಅಂಟಿಸಿ, ಸಾವಿರ, ಆಮೇಲೆ ಎರಡು ಸಾವಿರ ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ತಿಕ್ಕಿ, ಪಾಲಿಶ್ ಹಾಕಿ, ಕೊನೆಗೆ ಬಿಸಿಲು ತಡೆಯುವ ಲೇಪ ಕೊಡಬೇಕು. ಲೇಪ ಬಿಟ್ಟರೆ ಪೊರೆ ಬೇಗ ಮರಳುತ್ತದೆ.

ಹೊಸ ಕಾರುಗಳಲ್ಲಿ ಈ ವಿದ್ಯೆಗೆ ಜಾಗ ಕಡಿಮೆಯಾಗುತ್ತಿದೆ. 2007ರ ಹೊತ್ತಿಗೆ ದುಬಾರಿ ಕಾರುಗಳಲ್ಲಿ ಕಾಣಿಸಿಕೊಂಡ ಎಲ್.ಇ.ಡಿ. ದೀಪ ಈಗ ಸಾಮಾನ್ಯವಾಗಿದೆ. ಬಾಳಿಕೆ ಬರುತ್ತದೆ, ವಿದ್ಯುತ್ತು ಕಡಿಮೆ ಸಾಕು. ಆದರೆ ಬಹುಪಾಲು ಕಾರುಗಳಲ್ಲಿ ಅದು ಮುಚ್ಚಿದ ಪೆಟ್ಟಿಗೆ. ಕೆಟ್ಟರೆ ಬಂಪರು ಬಿಚ್ಚಿ ಇಡೀ ದೀಪವನ್ನೇ ಬದಲಿಸಬೇಕು. ಖರ್ಚು ಹಲವು ಸಾವಿರ. ಹಳೆಯ ಕಾರಿನ ತಂತಿ ಬಲ್ಬಿನ ಜಾಗಕ್ಕೆ ಎಲ್.ಇ.ಡಿ. ಬಲ್ಬು ತುರುಕುವ ಹುಚ್ಚು ಬೇರೆ. ಆ ಕನ್ನಡಿಯನ್ನು ರೂಪಿಸಿದ್ದು ತಂತಿಯ ಸ್ಥಾನಕ್ಕೆ. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರು ಸರಿದರೂ ಅದು ಚೆಲ್ಲಾಪಿಲ್ಲಿಯಾಗುತ್ತದೆ. ಒಳಗೆ ಕುಳಿತವನಿಗೆ 'ಆಹಾ ಹಗಲು', ಎದುರಿನವನಿಗೆ ಕತ್ತಲು.

ದೀಪವನ್ನು ಬಿಚ್ಚುವ ಅವಕಾಶ ನಮ್ಮ ಮಕ್ಕಳಿಗೆ ಇರಲಾರದು. ಆದರೆ ಅಳೆದು ತಗ್ಗಿಸುವ ಕೆಲಸ ಇನ್ನೂ ಮನೆಯವರ ಕೈಯಲ್ಲೇ ಇದೆ: ಒಂದು ಗೋಡೆ, ಒಂದು ಸೀಮೆಸುಣ್ಣ, ಅರ್ಧ ಗಂಟೆ. ಕಳೆದ ಬೇಸಿಗೆಯಲ್ಲಿ ಊರಿಗೆ ಹೊರಡುವ ಮುನ್ನ ನಮ್ಮ ಮಗನ ಕೈಗೆ ಸೀಮೆಸುಣ್ಣ ಕೊಟ್ಟೆವು. 'ಬಲ್ಬು ಸರಿಯಾಗೇ ಇದೆಯಲ್ಲಪ್ಪ, ಇದೆಲ್ಲ ಯಾಕೆ?' ಎಂದ. ದೊಡ್ಡಪ್ಪನವರ ಮಾತನ್ನೇ ಅವನಿಗೆ ಹೇಳಿದೆವು. ಅವನು ಗೆರೆಯನ್ನು ಸೊಟ್ಟಗೆ ಎಳೆದ. ನಾವು ಟಾರ್ಚ್ ಹಿಡಿದು ನಿಂತೆವು.